ಮೂರನೆಯ ಮಹಡಿಯ ಕೆರೆ

ಮೈಸೂರು
ಜೂನ್ ೧೨, ೨೦೦೧

ಮಲ್ಲಾಜಮ್ಮಾವರಿಗೆ ಮಂಚಮ್ಮನ ನಮಸ್ಕಾರಗಳು.

ಈ ಕಾಗದವನ್ನು ದಿನಕ್ಕೆ ಇಷ್ಟಿಷ್ಟೇ ಬರೆಯುತ್ತಿದ್ದೇನೆ. ಹುಲ್ಲಹಳ್ಳಿ ಸ್ಕೂಲಿನ ಪಡಸಾಲೆಯಲ್ಲಿ ರಾತ್ರಿಯ ಸಾಕ್ಷರತಾ ಪಾಠಕ್ಕೆ ಮಂಟೇಸ್ವಾಮಿ ಮೇಷ್ಟ್ರು ನಮ್ಮಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಕಲಿಸಿದ ಅಕ್ಷರ ಇನ್ನೂ ಕೈಯಲ್ಲಿದೆ. ಒತ್ತಕ್ಷರ ಬಂದಾಗ ಮಾತ್ರ ಪೆನ್ನು ನಿಂತುಬಿಡುತ್ತದೆ. ತಪ್ಪಿದ್ದರೆ ನಗಬೇಡಿ.

ನರಸೀಪುರದ ಆಸ್ಪತ್ರೆ ಕ್ವಾರ್ಟರ್ಸು ಬಿಟ್ಟೆವು. ಅಲ್ಲಿ ನರ್ಸ್ ಆಗಿದ್ದ ನನ್ನ ಮಗಳು ಇಂದ್ರಾಣಿಗೆ ಮೈಸೂರಿನ ಆಸ್ಪತ್ರೆಗೆ ವರ್ಗವಾಯಿತು. ಅವಳೂ ಅಳಿಯಂದಿರು ನಟರಾಜೂ ಸೇರಿ ಇಲ್ಲಿ ಒಂದು ಫ್ಲ್ಯಾಟು ತೆಗೆದುಕೊಂಡಿದ್ದಾರೆ. ಮೂರನೆಯ ಮಹಡಿ. ಕಟ್ಟಡದ ಮುಂದೆ ಪಾರ್ಕು, ಪಾರ್ಕು ದಾಟಿದರೆ ಕೆರೆ. ಬಾಲ್ಕನಿ ಎನ್ನುವುದೊಂದಿದೆ. ಅದೂ ಜಗಲಿಯೇ, ಆದರೆ ಬೀದಿ ಇಲ್ಲದ ಜಗಲಿ. ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರೆ ಎದ್ದೇಳಲು ಮನಸ್ಸಾಗುವುದಿಲ್ಲ. ಹಕ್ಕಿಗಳು ನನ್ನ ಕಣ್ಣಿಗಿಂತ ಕೆಳಗೆ ಹಾರಿಹೋಗುತ್ತವೆ. ಇಷ್ಟು ವರ್ಷ ಹಕ್ಕಿಯ ಹೊಟ್ಟೆ ನೋಡಿದ್ದೆ, ಈಗ ಬೆನ್ನು ನೋಡುತ್ತಿದ್ದೇನೆ. ಮೋಡ ಇಳಿದ ಬೆಳಗಿನಲ್ಲಿ ಕೆರೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಮನೆಯೇ ಹರಿಗೋಲಿನಂತೆ ಮೆಲ್ಲಗೆ ತಿರುಗಿದ ಹಾಗೆ ಆಗುತ್ತದೆ.

ನಿಮ್ಮ ಕ್ಷೇಮಕ್ಕೆ ಬರೆಯಿರಿ. ಗದ್ದೆಗೆ ನಾಲೆ ನೀರು ಬಿಟ್ಟರೇ?

ಮಂಚಮ್ಮ


ಹುಲ್ಲಹಳ್ಳಿ
ಜುಲೈ ೩, ೨೦೦೧

ಮಂಚಿಗೆ ಮಲ್ಲಾಜಮ್ಮ ಬರೆಯುವುದು.

ನಿನ್ನ ಕಾಗದ ಓದಿದೆ. ನೆಲ ಇಲ್ಲದ ಕಡೆ ಕೊಂಡೊಯ್ದು ಕೂರಿಸಿದ್ದಾರಲ್ಲ ನಿನ್ನನ್ನು. ಮಗಳು ಅಳಿಯ ಬೆಳಗಾದರೆ ಕೆಲಸಕ್ಕೆ ಹೋಗುತ್ತಾರೆ, ನೀನು ಕುರ್ಚಿಯ ಮೇಲೆ ಒಂಟಿಯಾಗಿ ಕೂತು ನೀರು ನೋಡುತ್ತೀಯ. ಮಾತಿಗೆ ಜನ ಇದ್ದಿದ್ದರೆ ಹಕ್ಕಿಯ ಬೆನ್ನು ಯಾಕೆ ನೋಡುತ್ತಿದ್ದೆ? ನೀನು ಹೇಳದಿದ್ದರೂ ನನಗೆ ತಿಳಿಯುತ್ತದೆ.

ನಾಲೆಗೆ ನೀರು ಬಿಟ್ಟರು, ನಾಟಿ ಆಯಿತು. ಈ ಸಲ ಬಂದ ಹೆಣ್ಣಾಳುಗಳಿಗೆ ಬಾಯಿ ಜಾಸ್ತಿ, ಕೈ ಕಮ್ಮಿ. ನೀನು ಸಾಲಿನ ತುದಿಯಲ್ಲಿದ್ದರೆ ಯಾರೂ ಹಿಂದೆ ಬೀಳುತ್ತಿರಲಿಲ್ಲ. ನನ್ನ ಮಗ ಶಿವಸ್ವಾಮಿ ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದಾನೆ, ಮನೆಯಲ್ಲಿ ನಿಲ್ಲುವುದೇ ಇಲ್ಲ. ಸೊಸೆ ಮೇಘನಾ ಒಳ್ಳೆಯವಳು, ಆದರೆ ತುಟಿ ಬಿಚ್ಚುವುದಿಲ್ಲ. ನಿನ್ನ ಮನೆಗೆ ಹಾಕಿದ ಬೀಗ ಹಾಗೇ ಇದೆ. ಬೇಜಾರಾದರೆ ಬಂದುಬಿಡು.

ಮಲ್ಲಾಜಮ್ಮ


ಮೈಸೂರು
ಜುಲೈ ೨೯, ೨೦೦೧

ಮಲ್ಲಾಜಮ್ಮಾವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನನಗೆ ಇಲ್ಲಿ ಬೇಜಾರೇ ಇಲ್ಲ. ಬೇಜಾರಾಗಬೇಕಿತ್ತೇನೋ ಎಂದು ನನಗೇ ಒಂದೊಂದು ಸಲ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಪಾರ್ಕಿನ ಹೆಂಗಸರ ಜೊತೆ ಕೆರೆಯ ಏರಿಯ ಮೇಲೆ ನಡೆಯುತ್ತೇನೆ. ನನ್ನ ವಯಸ್ಸಿನವರು ಬೂಟು ಹಾಕಿಕೊಂಡು ನಡೆಯುತ್ತಾರೆ, ನಾನು ಬರಿಗಾಲಿನಲ್ಲೇ ಅವರನ್ನು ಹಿಂದೆ ಹಾಕುತ್ತೇನೆ. ಜೀವಮಾನವೆಲ್ಲ ಎಲ್ಲಿಗಾದರೂ ಹೋಗುವುದಕ್ಕೇ ನಡೆದವಳು ನಾನು. ಎಲ್ಲಿಗೂ ಹೋಗದೆ ಸುತ್ತು ಹಾಕಿ ಮನೆಗೆ ಬರುವುದು ಎಂಥ ಸುಖ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಇನ್ನೊಂದು ವಿಷಯ. ನಮ್ಮ ಬಾಗಿಲಿನ ಮೇಲೆ ೩೦೪ ಎಂದು ಹಿತ್ತಾಳೆಯ ನಂಬರು ಇದೆ. ಎದುರು ಬಾಗಿಲಿನದು ೩೦೩. ಊರಿನಲ್ಲಿ ಯಾವ ಬೀದಿ ಎಂದು ಹೇಳಿದರೆ ಸಾಕು, ನಾವು ಯಾರು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಗೊತ್ತಾಗಿಬಿಡುತ್ತದೆ. ೩೦೪ ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬಂದ ವಾರವೇ ೩೦೩ರ ಚಾಮುಂಡಮ್ಮನವರು ಹೆಪ್ಪಿಗೆ ಮೊಸರು ಕೇಳಿಕೊಂಡು ಒಳಗೇ ಬಂದರು. ಹಜಾರದಲ್ಲಿ ನಟರಾಜ್ ತೂಗುಹಾಕಿದ ಬುದ್ಧನ ಪಟ, ಬಾಬಾಸಾಹೇಬರ ಪಟ ಎರಡನ್ನೂ ನೋಡಿದರು. ಮೊಸರು ಬೇಡ ಎಂದು ಹೊರಟುಬಿಡುತ್ತಾರೇನೋ ಎಂದುಕೊಂಡೆ. "ಕಾಫಿಗೆ ಸಕ್ರೆ ಸ್ವಲ್ಪ ಮುಂದಾಗೇ ಆಕವ್ವ" ಎಂದು ಕುರ್ಚಿ ಎಳೆದುಕೊಂಡು ಕೂತರು. ಪೂರ್ತಿ ಕುಡಿದರು.

ನಿಮ್ಮ ಜಗಲಿಯ ಕೆಳಗೆ ಕೂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿದವಳು ನಾನು. ನೀವು ಯಾವತ್ತೂ ನನ್ನ ಕಾಫಿಗೆ ಬೆಲ್ಲ ಕಡಿಮೆ ಹಾಕಲಿಲ್ಲ. ಅದು ನನಗೆ ನೆನಪಿದೆ. ಚಿಪ್ಪೂ ನೆನಪಿದೆ.

ನಿನ್ನೆ ಕನಸಿನಲ್ಲಿ ನೀವು ಕೆರೆಯ ನೀರಿನ ಮೇಲೆ ನಡೆದು ಬರುತ್ತಿದ್ದಿರಿ. ಸೀರೆಯ ಅಂಚು ಒದ್ದೆಯಾಗಿರಲಿಲ್ಲ. ನಾನು ಮೇಲಿನಿಂದ ಕೂಗುತ್ತಿದ್ದೆ, ನಿಮಗೆ ಕೇಳುತ್ತಿರಲಿಲ್ಲ. ಎದ್ದ ಮೇಲೂ ಬಹಳ ಹೊತ್ತು ನೀರಿನ ಕಡೆಯೇ ನೋಡುತ್ತಿದ್ದೆ.

ನಮ್ಮಲ್ಲಿ ಕೆರೆಯ ಕಡೆಗೆ ಕಿಟಕಿ ಇರುವ ಇನ್ನೊಂದು ಕೋಣೆ ಇದೆ. ಮಂಚವೂ ಇದೆ. ಒಂದು ವಾರವಾದರೂ ಬಂದು ಇರಿ.

ಮಂಚಮ್ಮ


ಹುಲ್ಲಹಳ್ಳಿ
ಅಕ್ಟೋಬರ್ ೨೦, ೨೦೦೧

ಮಂಚಿಗೆ,

ಬರೆಯುವುದು ತಡವಾಯಿತು. ಕರೆದದ್ದಕ್ಕೆ ಸಂತೋಷ. ಬರುತ್ತೇನೆ. ಹಸು ಈಯುವ ದಿನ ಹತ್ತಿರವಿದೆ, ಅದು ಆಗಲಿ. ಆಮೇಲೆ ಗದ್ದೆ ಕೊಯ್ಲು. ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಬೇಕು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೋ. ಶಿವಸ್ವಾಮಿಗೂ ಪುರುಸೊತ್ತಿಲ್ಲ.

ಕೆರೆಯ ಬಗ್ಗೆ ಇನ್ನೂ ಬರೆ. ದೊಡ್ಡ ಅಕ್ಷರದಲ್ಲಿ ಬರೆ. ನಿನ್ನ ಅಕ್ಷರ ಇರುವೆ ಹರಿದ ಹಾಗಿದೆ.

ಮಲ್ಲಾಜಮ್ಮ


ಮೈಸೂರು
ಡಿಸೆಂಬರ್ ೯, ೨೦೦೧

ಮಲ್ಲಾಜಮ್ಮಾವರಿಗೆ,

ನಿಮ್ಮ ಕಾಗದವನ್ನು ಎಷ್ಟೋ ಸಲ ಓದಿದೆ. ಸಾಲುಗಳು ಇಳಿಜಾರಿನಲ್ಲಿ ಜಾರಿಕೊಂಡು ಹೋಗಿವೆ, ಒಂದರ ಮೇಲೊಂದು ಹತ್ತಿವೆ. ಮೇಷ್ಟ್ರ ತರಗತಿಯಲ್ಲಿ ಎಲ್ಲರಿಗಿಂತ ದುಂಡಗೆ ಬರೆಯುತ್ತಿದ್ದವರು ನೀವು. ಕರೆದವಳ ಮಾತಿಗೆ ಏನಾದರೂ ಗೀಚಿ ಕಳಿಸಿದರಾಯಿತು ಎಂದು ಅವಸರದಲ್ಲಿ ಬರೆದಿದ್ದೀರಿ. ನನಗೆ ಅರ್ಥವಾಯಿತು. ಹಸು ಕರು ಹಾಕಿದ ಮೇಲೆ ಇನ್ನೊಂದು ಹಸು ಇದ್ದೇ ಇರುತ್ತದೆ. ಇನ್ನು ನಾನು ಕರೆಯುವುದಿಲ್ಲ.

ಇಲ್ಲಿ ಎಲ್ಲರೂ ಚಾಮುಂಡಮ್ಮನ ಹಾಗಿಲ್ಲ. ಎರಡನೆಯ ಮಹಡಿಯ ಹೆಂಗಸೊಬ್ಬರು ನಮ್ಮ ಹಜಾರದ ಪಟ ನೋಡಿಕೊಂಡು ಹೋದ ಮೇಲೆ ಲಿಫ್ಟಿನಲ್ಲಿ ಸಿಕ್ಕರೆ ಗೋಡೆ ನೋಡುತ್ತಾರೆ. ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇಲ್ಲ. ಮೊದಮೊದಲು ನಾನು ಮೆಟ್ಟಿಲಲ್ಲೇ ಇಳಿಯುತ್ತಿದ್ದೆ. ಈಗ ಲಿಫ್ಟಿನಲ್ಲೇ ಹೋಗುತ್ತೇನೆ.

ಕೆರೆಯ ಬಗ್ಗೆ ಕೇಳಿದ್ದೀರಿ, ದೊಡ್ಡ ಅಕ್ಷರದಲ್ಲೇ ಬರೆಯುತ್ತೇನೆ. ಚಳಿ ಬಿದ್ದಿದೆ. ಬೆಳಿಗ್ಗೆ ನೀರಿನಿಂದ ಹೊಗೆ ಏಳುತ್ತದೆ, ಭತ್ತ ಬೇಯಿಸುವ ಹಂಡೆಯಿಂದ ಏಳುವ ಹಾಗೆ. ಪಾರ್ಕಿನ ಮರಗಳ ನೆತ್ತಿ ಮಾತ್ರ ಕಾಣುತ್ತದೆ. ಹೆಜ್ಜಾರ್ಲೆ ಹಕ್ಕಿಗಳು ಬಂದಿವೆ. ದೊಡ್ಡ ಕೊಕ್ಕು, ಕೊಕ್ಕಿನ ಕೆಳಗೆ ಚೀಲ. ಅವು ಈಜುವಾಗ ಸದ್ದೇ ಇಲ್ಲ, ಯಾರೋ ಕೆಳಗಿನಿಂದ ದಾರ ಹಿಡಿದು ಎಳೆದಂತೆ ಸಾಗುತ್ತವೆ. ನೋಡುತ್ತಾ ನೋಡುತ್ತಾ ನಾನು ನಿದ್ದೆ ಹೋದೆನೋ, ಎಚ್ಚರವಾಗಿದ್ದೆನೋ ಹೇಳಲಾರೆ.

ಮಂಚಮ್ಮ


ಮೈಸೂರು
ಮಾರ್ಚ್ ೨, ೨೦೦೨

ಮಲ್ಲಾಜಮ್ಮಾವರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ, ಇದೊಂದು ಸಲ.

ಕಳೆದ ವಾರ ಇಂದ್ರಾಣಿ ಡ್ಯೂಟಿಯಿಂದ ಬಂದವಳು ಊಟ ಬಡಿಸಿಕೊಂಡು ತಟ್ಟೆಗೆ ಕೈ ಹಾಕಲಿಲ್ಲ. ಏನೆಂದು ಕೇಳಿದೆ. "ಯವ್ವ, ಮಲ್ಲಾಜಮ್ನೋರು ನಮ್ ವಾರ್ಡ್ನಲ್ಲವ್ರೆ. ಕಣ್ಗೆ ಪಟ್ಟಿ ಕಟ್ಟವ್ರೆ. ನಿಮ್ಮವ್ವಂಗೆ ಯೋಳ್ಬ್ಯಾಡ ಅಂತ ನನ್ ಕೈ ಇಡ್ಕಂಡ್ರು" ಎಂದಳು. ಮಾರನೆಯ ದಿನ ನಾನು ಆಸ್ಪತ್ರೆಗೆ ಹೋದೆ. ನಿಮ್ಮನ್ನು ಆಗಲೇ ಕರೆದುಕೊಂಡು ಹೋಗಿದ್ದರು. ಆಪರೇಷನ್ನಿಗೆ ಮುಂಚೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜಿನಲ್ಲಿ ಇದ್ದರಂತೆ ಎಂದು ಪಕ್ಕದ ಮಂಚದವರು ಹೇಳಿದರು.

ಮಂಚ ಇರುವ ಕೋಣೆ ಇಲ್ಲಿ ಖಾಲಿಯಿತ್ತು. ನೀವು ನನ್ನ ಊರಿಗೆ ಬಂದಿರಿ, ಲಾಡ್ಜಿನಲ್ಲಿ ನೀರು ಕುಡಿದಿರಿ.

ಕಣ್ಣು ವಾಸಿಯಾಗಲಿ.

ಮಂಚಮ್ಮ


ಹುಲ್ಲಹಳ್ಳಿ
ನವೆಂಬರ್ ೧೪, ೨೦೦೨

ಮಂಚಮ್ಮನಿಗೆ ಮಲ್ಲಾಜಮ್ಮ ಮಾಡುವ ವಿಜ್ಞಾಪನೆ.

ನಿನ್ನ ಕಡೆಯ ಕಾಗದ ಬಂದು ಎಂಟು ತಿಂಗಳ ಮೇಲಾಯಿತು. ಅದನ್ನು ಓದುವ ಹೊತ್ತಿಗೆ ನನಗೆ ಕಣ್ಣು ಕಾಣುತ್ತಿತ್ತು. ಉತ್ತರ ಬರೆಯಲು ಮುಖವಿರಲಿಲ್ಲ.

ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಕಳೆದ ಸಲದ ಮಳೆಗಾಲದಿಂದಲೇ ಎರಡೂ ಕಣ್ಣಿಗೆ ಪೊರೆ ಕಟ್ಟಿತ್ತು. ನಿನ್ನ ಕಾಗದವನ್ನು ಹಿತ್ತಿಲಿನ ಬಿಸಿಲಿಗೆ ಹಿಡಿದು, ಮೂಗಿಗೆ ತಾಕಿಸಿಕೊಂಡು ಒಂದೊಂದೇ ಅಕ್ಷರ ಓದುತ್ತಿದ್ದೆ. ಸಾಲು ಜಾರಿದ್ದು ಅವಸರದಿಂದಲ್ಲ, ಸಾಲು ನನಗೆ ಕಾಣುತ್ತಿರಲಿಲ್ಲ. ಬಸ್ಸಿನ ಬೋರ್ಡೂ ಕಾಣುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಕಣ್ಣು ಕಾಣದ ಅತ್ತೆಯ ಕೈಯಿಂದ ಸೊಸೆ ಒಲೆ ತೆಗೆದುಕೊಳ್ಳುತ್ತಾಳೆ, ಮಗ ಬೀಗದ ಕೈ ತೆಗೆದುಕೊಳ್ಳುತ್ತಾನೆ ಎಂದು ಹೆದರಿದ್ದೆ. ನೀನು ಬರೆದ ಹೆಜ್ಜಾರ್ಲೆ ಹಕ್ಕಿ ಮಾತ್ರ ನನಗೆ ಚೆನ್ನಾಗಿ ಕಾಣುತ್ತಿತ್ತು. ಎದುರಿಗಿದ್ದ ಕರುವೇ ಮಸುಕಾಗಿದ್ದಾಗ ಅದು ಸ್ಪಷ್ಟವಾಗಿ ಕಾಣುತ್ತಿತ್ತು.

ಲಾಡ್ಜಿನ ವಿಷಯ. ಬಸ್ಸಿನಲ್ಲಿ ನಾನು ನನ್ನ ಮಗ ಸ್ವಾಮಿಗೆ ಹೇಳಿದೆ, "ಮಂಚಮ್ಮನ್ ಮನೆ ಅಲ್ಲೇ ಕಣ್ಲಾ, ಅಲ್ಲೇ ಇಳ್ಕಳನ." ಅವನು ಅಕ್ಕಪಕ್ಕ ನೋಡಿ ತಗ್ಗಿದ ದನಿಯಲ್ಲಿ, "ಅವ್ರ ಮನೇಲಿ ಉಂಡು ಮನಗಿದ್ರೆ ನಾಳೆ ಡೈರಿ ಬಾಗ್ಲಲ್ಲಿ ನಾನು ತಲೆ ಎತ್ತಂಗಿಲ್ಲ ಕಣವ್ವ" ಎಂದ. ನಾನು ಅವನ ಜೊತೆ ಲಾಡ್ಜಿಗೇ ಹೋದೆ. ಕಣ್ಣು ಕಾಣದವಳು ಬೇರೆ, ಅವನ ಕೈ ಹಿಡಿದೇ ನಡೆಯಬೇಕಿತ್ತು.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಇಂದ್ರಾಣಿಯ ಬಿಳಿ ಟೋಪಿ. ಅವಳು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಅವಳು ಮಗುವಾಗಿದ್ದಾಗ ಎತ್ತಿಕೊಳ್ಳಬೇಕು ಎನ್ನಿಸಿದರೂ ಒಂದು ದಿನವೂ ನಾನು ಎತ್ತಿಕೊಂಡಿರಲಿಲ್ಲ.

ಮೊನ್ನೆ ದೀಪಾವಳಿಯ ಮಾರನೆಯ ದಿನ ಸ್ವಾಮಿಗೆ ಹೇಳಿದೆ, "ಮಂಚಮ್ಮನ್ನ ಮನ್ಗೆ ಕರೀತೀನಿ. ಮುಂಬಾಗ್ಲಿಂದ್ಲೇ ಒಳೀಕ್ ಬತ್ತಾಳೆ. ನಡುಮನೇಲಿ ಕೂತು ಉಣ್ತಾಳೆ." ಅವನು ತಟ್ಟೆ ತಳ್ಳಿ ಎದ್ದುಹೋದ. ಹೋಗಲಿ. ಮನೆ ನನ್ನ ಗಂಡ ಶಿವಮಲ್ಲಪ್ಪನವರು ಕಟ್ಟಿಸಿದ್ದು, ನಾನು ಬದುಕಿದ್ದೇನೆ. ನೀನು ಬಾ. ಆಮೇಲೆ ನಿನ್ನ ಜೊತೆಯಲ್ಲೇ ಬಸ್ಸು ಹತ್ತಿ ನಿನ್ನ ಮನೆಗೆ ಬರುತ್ತೇನೆ.

ಅಮ್ಮಾವರು, ನೀವು, ತಾವು ಎಂದೆಲ್ಲ ಇನ್ನು ಬರೆಯಬೇಡ.

ಮಲ್ಲಾಜಮ್ಮ


ಮೈಸೂರು
ಡಿಸೆಂಬರ್ ೧, ೨೦೦೨

ಮಲ್ಲಾಜಮ್ಮನಿಗೆ,

ಹೀಗೆ ಬರೆದು ಬಹಳ ಹೊತ್ತು ಕಾಗದ ನೋಡುತ್ತಾ ಕೂತಿದ್ದೆ. ನೀನು ಎಂದು ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ.

ನಾನು ಬರುವುದಿಲ್ಲ. ಕೋಪದಿಂದ ಹೇಳುತ್ತಿಲ್ಲ. ನಿನ್ನ ಕಣ್ಣಿನ ವಿಷಯ ತಿಳಿದ ದಿನ ನಿನ್ನ ಹಳೆಯ ಕಾಗದವನ್ನು ತೆಗೆದು ಆ ಜಾರಿದ ಸಾಲುಗಳ ಮೇಲೆ ಬೆರಳಾಡಿಸಿದೆ. ಅಷ್ಟು ಮಬ್ಬಿನಲ್ಲಿ ನನಗಾಗಿ ಬರೆದಿದ್ದೆಯಲ್ಲ.

ಆದರೆ ಕೇಳು. ತಟ್ಟೆ ತಳ್ಳಿ ಎದ್ದುಹೋಗುವ ಮನೆಯಲ್ಲಿ, ಒಳಗೆ ಬಿಟ್ಟರಲ್ಲ ಎಂದು ಗೋಡೆಗೆ ಒರಗದೆ ಕೂತು ನಾನು ಉಣ್ಣಲಾರೆ. ತುತ್ತು ಇಳಿಯುವುದಿಲ್ಲ. ಬೀದಿಯವರೆಲ್ಲ ಕಿಟಕಿಯಲ್ಲಿ ನಿಂತು ನೋಡುತ್ತಾರೆ. ನಿನ್ನ ಮನೆಯ ಬಾಗಿಲನ್ನು ನೀನು ತೆಗೆದದ್ದು ದೊಡ್ಡ ಮಾತು. ಆದರೆ ನಾನು ಆ ಬಾಗಿಲಿನ ಮುಂದೆ ಕಾಯುತ್ತಾ ಕೂತಿಲ್ಲ. ನನಗೆ ನನ್ನ ಬಾಗಿಲಿದೆ. ನೀನೇ ಬಾ. ಮೊದಲು, ಒಬ್ಬಳೇ.

ಹುಲ್ಲಹಳ್ಳಿಯಲ್ಲಿ ಬೆಳಗಿನ ಬಸ್ಸು ಹತ್ತಿ ನಂಜನಗೂಡಿನಲ್ಲಿ ಇಳಿ. ಮೈಸೂರು ಬಸ್ಸು ಅಲ್ಲೇ ಎದುರಿಗೆ ನಿಂತಿರುತ್ತದೆ. ಈಗ ಬೋರ್ಡು ಓದಲು ನಿನಗೆ ಯಾರೂ ಬೇಕಾಗಿಲ್ಲ. ಮೈಸೂರಿನಲ್ಲಿ ಇಳಿದರೆ ಇಂದ್ರಾಣಿ ಕಾದಿರುತ್ತಾಳೆ. ಯಾವ ದಿನ ಎಂದು ಒಂದು ಕಾರ್ಡು ಹಾಕು.

ಇಂದ್ರಾಣಿ ಕೇಳಿದಳು, "ಅವ್ರು ಮಾಂಸ ಮುಟ್ಟದ ಜನ, ಒಸ ಪಾತ್ರೆ ತರನೇನವ್ವ?" ಬೇಡ ಎಂದೆ. ಅಡುಗೆಯಲ್ಲಿ ಮಾಂಸ ಇರುವುದಿಲ್ಲ. ಪಾತ್ರೆ ನಮ್ಮ ಪಾತ್ರೆಯೇ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಆಗದಿದ್ದರೆ ಬರಬೇಡ, ನನಗೆ ನೋವಾದರೂ ತಡೆದುಕೊಳ್ಳುತ್ತೇನೆ.

ಮಂಚಮ್ಮ


ಹುಲ್ಲಹಳ್ಳಿ
ಫೆಬ್ರವರಿ ೬, ೨೦೦೩

ಮಂಚಕ್ಕನಿಗೆ ಮಲ್ಲಾಜಿ ಮಾಡುವ ನಮಸ್ಕಾರ.

ಸುಖವಾಗಿ ಬಂದು ಸೇರಿದೆ. ನಂಜನಗೂಡಿನಲ್ಲಿ ಸೀಟು ಸಿಕ್ಕಿತು. ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕೆಳಗೆ ಕಪಿಲೆ ಕಂಡಳು. ಎಷ್ಟು ಸಲ ದಾಟಿದ ಹೊಳೆ, ಮೇಲಿನಿಂದ ನೀರು ನೋಡುವುದನ್ನು ನಿನ್ನ ಬಾಲ್ಕನಿಯಲ್ಲಿ ಕಲಿತು ಬಂದೆನೋ ಏನೋ, ಮೊದಲ ಸಲ ನೋಡಿದ ಹಾಗಿತ್ತು.

ಎದುರಿಗಿದ್ದಾಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಮೊದಲ ದಿನ ನೀನು ನಿಮ್ಮ ತಟ್ಟೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಬಡಿಸಿ ಎದುರಿಗೇ ಕೂತೆ. ನನ್ನ ಮುಖ ನೋಡಬಾರದು ಎಂದು ನೀನು ಸಾರಿನ ಪಾತ್ರೆಯನ್ನೇ ನೋಡುತ್ತಿದ್ದೆ. ಮುರಿದ ತುತ್ತನ್ನು ನಾನು ತಟ್ಟೆಯಲ್ಲೇ ಹೊರಳಿಸಿದ್ದು ನಿಜ. ಐವತ್ತು ದಾಟಿದ ಮೈಗೆ ಅಭ್ಯಾಸ ಎನ್ನುವುದು ಮೂಳೆಯೊಳಗೇ ಇರುತ್ತದೆ. ಒಂದು ತುತ್ತು ನುಂಗಿದೆ. ಎರಡನೆಯದಕ್ಕೆ ಉಪ್ಪು ಸಾಲದು ಅನ್ನಿಸಿತು. ಉಪ್ಪು ಕೇಳಿದೆ. ನೀನು ನಕ್ಕೆ. ಆ ನಗು ನೋಡಿದ ಮೇಲೆ ಹಸಿವಾಯಿತು.

ಆ ಬೆಳಗಿನ ಮಂಜಿನಲ್ಲಿ ಏರಿಯ ಮೇಲೆ ನಾವಿಬ್ಬರೂ ನಡೆದದ್ದು ಕನಸೋ ನಿಜವೋ ಎಂದು ಇಲ್ಲಿ ಕೂತು ಕೇಳಿಕೊಳ್ಳುತ್ತೇನೆ. ನೀರು ಕಾಣುತ್ತಿರಲಿಲ್ಲ, ನೀರಿನ ವಾಸನೆ ಇತ್ತು. ಎದುರಿನಿಂದ ಬಂದವರು ಮಂಜಿನಿಂದ ಮೂಡಿ ಮಂಜಿಗೇ ಹೋಗುತ್ತಿದ್ದರು. ಯಾರೂ ನಮ್ಮನ್ನು ಯಾರೆಂದು ಕೇಳಲಿಲ್ಲ. ನನ್ನ ಕೈ ನಿನ್ನ ಹೆಗಲ ಮೇಲಿತ್ತು ಎನ್ನುವುದು ಮನೆಗೆ ಬಂದು ಲಿಫ್ಟಿನ ಕನ್ನಡಿಯಲ್ಲಿ ನೋಡಿದಾಗ ನನಗೆ ತಿಳಿಯಿತು.

ಸ್ವಾಮಿ ಬೈಕಿನಲ್ಲಿ ಬಂದ ದಿನ ನೀನು ಅಡುಗೆ ಮನೆಯಿಂದ ಆಚೆಗೆ ಬರಲಿಲ್ಲ. ನಾನು ಬಾಲ್ಕನಿಯಿಂದ ಬಗ್ಗಿ ನೋಡಿದೆ. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ. "ಕೆಳೀಕ್ ಬಾ ಅವ್ವ, ಓಗನ" ಎಂದು ಕೂಗಿದ. "ಮೇಲಕ್ ಬಾ, ಉಂಡ್ಕಂಡ್ ಓಗುವಂತೆ" ಎಂದೆ. ತಲೆ ಅಲ್ಲಾಡಿಸಿದ. "ಅಂಗಾದ್ರೆ ನೀನು ಓಗಪ್ಪ. ನಾನು ಬಸ್ನಲ್ಲಿ ಬತ್ತೀನಿ" ಎಂದೆ. ಮೇಲಿನಿಂದ ಅವನು ಚಿಕ್ಕವನಾಗಿ ಕಂಡ, ಸ್ಕೂಲಿಗೆ ಹೋಗುವಾಗ ಕಂಡ ಹಾಗೆ. ಬೈಕು ಹೊರಟ ಸದ್ದು ಕೇಳಿದ ಮೇಲೆ ನಿನ್ನ ಕುರ್ಚಿಯಲ್ಲಿ ಕೂತೆ. ನೀನು ಕಾಫಿ ತಂದುಕೊಟ್ಟೆ. ಅವತ್ತು ನನಗೆ ಮಾತಾಡಲು ಆಗುತ್ತಿರಲಿಲ್ಲ, ಅದಕ್ಕೇ ಸುಮ್ಮನೆ ನೀರು ನೋಡುತ್ತಾ ಕೂತಿದ್ದೆ. ನಿನ್ನ ಮೇಲೆ ಬೇಸರ ಎಂದು ನೀನು ತಿಳಿದೆಯೇನೋ. ಅಲ್ಲ.

ಸ್ವಾಮಿ ಇನ್ನೂ ಮಾತಾಡಿಲ್ಲ. ಊಟ ನಾನು ಬಡಿಸಿದರೆ ಉಣ್ಣುತ್ತಾನೆ, ಅಷ್ಟರಮಟ್ಟಿಗೆ ಇದೆ. ಬೀದಿಯಲ್ಲಿ ಇಬ್ಬರು ಮೂವರು ಮುಖ ತಿರುಗಿಸಿದರು. ಪಕ್ಕದ ಮನೆಯ ಚಿಕ್ಕಬಸಮ್ಮ ಮಾತ್ರ ಬಾವಿಯ ಹತ್ತಿರ ನಿಲ್ಲಿಸಿ, ಮೈಸೂರಿನ ಲಿಫ್ಟು ಹೇಗಿರುತ್ತದೆ ಎಂದು ಕೇಳಿದಳು.

ನಿನ್ನೆ ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದೆ. ತುಟಿ ಬಿಚ್ಚದ ನನ್ನ ಸೊಸೆ ಮೇಘನಾ ಪಕ್ಕದಲ್ಲಿ ಬಂದು ಕೂತು, ಮೊರದ ಮೇಲೆ ಬೆರಳಾಡಿಸಿ, "ಅತ್ತೆ, ಆ ಮನೇಲಿ ನಿಮ್ಗೆ ಕ್ವಾಣೆ ಕೊಟ್ಟಿದ್ರಲ್ಲ, ಅದ್ರಲ್ಲಿ ಇಬ್ರು ಮನೀಕಬೋದಾ?" ಎಂದಳು.

ಯಾಕೆ ಎಂದು ಕೇಳಿದೆ. ಅವಳು ಎದ್ದುಹೋಗಿ ಬೀರುವಿನಿಂದ ತನ್ನ ಎರಡು ಸೀರೆ ತೆಗೆದು ನನ್ನ ಚೀಲದ ಪಕ್ಕದಲ್ಲಿ ಮಡಚಿಟ್ಟಳು. ಸ್ವಾಮಿ ಅಂಗಳದಲ್ಲೇ ಇದ್ದ, ನೋಡಿದ. ಅವಳು ಸೀರೆ ತೆಗೆದು ಒಳಗಿಡಲಿಲ್ಲ.

ಮಲ್ಲಾಜಿ